ಹೊಸ ಫ್ಲಾಶ್ ಚಿಪ್‌ಗೆ ಲಿನಕ್ಸ್ ಡ್ರೈವರ್ ಬೆಂಬಲ ಸೇರಿಸುವುದು ಹೇಗೆ?

ವರ್ಷಗಟ್ಟಲೆ ಬಳಸುತ್ತಿದ್ದ ಫ್ಲಾಶ್ ಮೆಮೊರಿ ಚಿಪ್ ಇನ್ನು ಸಿಗುವುದಿಲ್ಲವೆಂದು ಖರೀದಿ ವಿಭಾಗದವರು ಅದೇ ಗಾತ್ರದ, ಅದೇ ಎಂಟು ಕಾಲಿನ, ಆದರೆ ಬೇರೆ ಕಂಪನಿಯ ಚಿಪ್ ತರಿಸುತ್ತಾರೆ. ಅದನ್ನು ಬೆಸುಗೆ ಹಾಕಿ ಬೋರ್ಡ್ ಚಾಲೂ ಮಾಡಿದರೆ, ಲಿನಕ್ಸ್ ಕರ್ನಲ್ (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಆ ಚಿಪ್‌ನ ಗುರುತು ಬೈಟ್‌ಗಳನ್ನು ಮುದ್ರಿಸಿ, ಇದರ ಪರಿಚಯ ತನಗಿಲ್ಲವೆಂದು ಹೇಳಿ ಸುಮ್ಮನಾಗುತ್ತದೆ. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ಬೋರ್ಡ್ ತಯಾರಿಸುವ ಸಣ್ಣ ಸಂಸ್ಥೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಕಂಡು ಕೇಳದ ಸಂಗತಿಯೇನಲ್ಲ. ಆಗ ಕರ್ನಲ್‌ಗೆ ಸೇರಿಸಬೇಕಾದ ಕೋಡ್ ನಾಲ್ಕೈದು ಸಾಲು ಮಾತ್ರ. ಎಷ್ಟೋ ಸಲ ಒಂದು ಸಾಲೂ ಬೇಕಾಗುವುದಿಲ್ಲ. ಆ ಸಾಲುಗಳಲ್ಲಿ ಏನಿರಬೇಕು ಎಂಬುದನ್ನು ಚಿಪ್‌ನ ಬಾಯಿಂದಲೇ ಕೇಳಿ ತಿಳಿಯುವುದರಲ್ಲಿ ನಿಜವಾದ ಶ್ರಮವಿದೆ. ಈ ಲೇಖನ ರೂಟರ್, ಕ್ಯಾಮೆರಾ ಮುಂತಾದವುಗಳ ಬೂಟ್ ತಂತ್ರಾಂಶವನ್ನು ಹಿಡಿದಿಡುವ ಎಸ್‌ಪಿಐ ನಾರ್ ಫ್ಲಾಶ್‌ಗೆ, ಅಂದರೆ ಎಸ್‌ಪಿಐ ಎಂಬ ಕೆಲವೇ ತಂತಿಗಳ ಸಂಪರ್ಕದಿಂದ ಮಾತಾಡುವ ನಾರ್ ಬಗೆಯ ಫ್ಲಾಶ್‌ಗೆ, ಸೀಮಿತ. ನ್ಯಾಂಡ್ ಎಂಬ ಇನ್ನೊಂದು ಬಗೆಯ ಫ್ಲಾಶ್‌ನ ದಾರಿಯೇ ಬೇರೆ.

ಮೊದಲು ಚಿಪ್‌ನ ಸ್ವಭಾವ. ಓದುವಾಗ ಯಾವ ವಿಳಾಸದಿಂದ ಬೇಕಾದರೂ ಎಷ್ಟು ಬೇಕಾದರೂ ಓದಬಹುದು. ಬರೆಯುವಾಗ ಮಾತ್ರ ಬಿಟ್ ಒಂದರಿಂದ ಸೊನ್ನೆಗೆ ಇಳಿಯಬಲ್ಲದೇ ಹೊರತು ಸೊನ್ನೆಯಿಂದ ಒಂದಕ್ಕೆ ಏರಲಾರದು. ಏರಿಸಬೇಕಾದರೆ ಸಾಮಾನ್ಯವಾಗಿ 4 ಕೆಬಿಯ ಅಥವಾ 64 ಕೆಬಿಯ ಇಡೀ ಭಾಗವನ್ನೇ ಅಳಿಸಬೇಕು. ಪ್ರತಿಯೊಂದು ಬರಹಕ್ಕೂ ಅಳಿಸುವಿಕೆಗೂ ಮುನ್ನ 06 ಎಂಬ ಅನುಮತಿ ಆದೇಶವನ್ನು (ಇಲ್ಲಿ ಆದೇಶಗಳನ್ನೂ ಚಿಪ್‌ನ ಉತ್ತರಗಳನ್ನೂ ಹದಿನಾರರ ಪದ್ಧತಿಯಲ್ಲಿ ಬರೆದಿದೆ) ಕಳಿಸಿ, ಆಮೇಲೆ 05 ಎಂಬ ಆದೇಶದಿಂದ ಸ್ಥಿತಿ ರಿಜಿಸ್ಟರ್ (ಚಿಪ್ ತನ್ನ ಸ್ಥಿತಿಯನ್ನು ತೋರಿಸುವ ಬೈಟ್) ಓದುತ್ತಾ ಅದರ ಕೊನೆಯ ಬಿಟ್ (ಬಿಟ್ 0) ಸೊನ್ನೆಯಾಗುವವರೆಗೆ ಕಾಯಬೇಕು. ಒಮ್ಮೆಗೆ ಬರೆಯಬಹುದಾದದ್ದು ಹೆಚ್ಚಾಗಿ 256 ಬೈಟ್‌ಗಳ ಒಂದು ಪುಟ. ಪುಟದ ಗಡಿ ದಾಟಿದ ಬೈಟ್‌ಗಳು ಮುಂದಿನ ಪುಟಕ್ಕೆ ಹೋಗದೆ ಅದೇ ಪುಟದ ಆರಂಭಕ್ಕೆ ಮರಳಿ ಬೀಳುತ್ತವೆ. ಸ್ವಂತವಾಗಿ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಬರೆಯಲು ಹೊರಟವರಲ್ಲಿ ಹಲವರು ಮೊದಲು ಎಡವುವುದು ಇಲ್ಲಿಯೇ. ಲಿನಕ್ಸ್‌ನಲ್ಲಿ ಈ ಕೆಲಸಗಳನ್ನೆಲ್ಲ ಎಸ್‌ಪಿಐ-ನಾರ್ ಎಂಬ ಸಾಮಾನ್ಯ ಚೌಕಟ್ಟು ಆಗಲೇ ಮಾಡುತ್ತಿರುವುದರಿಂದ, ಹೊಸ ಚಿಪ್‌ನ ವಿವರಗಳನ್ನಷ್ಟೇ ನಾವು ಅದಕ್ಕೆ ಒದಗಿಸಬೇಕು.

ಪ್ರಯೋಗಕ್ಕೆ ಕಾರ್ಖಾನೆಯ ಬೋರ್ಡೇ ಬೇಕೆಂದಿಲ್ಲ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ಅದರ 19, 21, 23 ಮತ್ತು 24ನೇ ಪಿನ್‌ಗಳು ಕ್ರಮವಾಗಿ ದತ್ತಾಂಶ ಹೊರಹೋಗುವ, ಒಳಬರುವ, ಗಡಿಯಾರದ ಮತ್ತು ಚಿಪ್ ಆಯ್ಕೆಯ ತಂತಿಗಳಿಗೆ. ಚಿಪ್‌ನಲ್ಲಿರುವ ಬರಹ ತಡೆಯುವ ಕಾಲನ್ನೂ 'ಹೋಲ್ಡ್' ಕಾಲನ್ನೂ ತೇಲಲು ಬಿಡದೆ 3.3 ವೋಲ್ಟ್‌ಗೆ ಎಳೆದು ಕಟ್ಟಿ. ತಂತಿ ಜೋಡಿಸುವ ಮುನ್ನ ಡೇಟಾಶೀಟ್‌ನಲ್ಲಿ (ತಯಾರಕರು ಕೊಡುವ ವಿವರ ಪತ್ರಿಕೆ) ವೋಲ್ಟೇಜ್ ನೋಡುವುದನ್ನು ಮರೆಯಬೇಡಿ. ನೋಡಲು ತದ್ರೂಪಿಯಾದ 1.8 ವೋಲ್ಟ್ ಚಿಪ್‌ಗಳೂ ಇವೆ, ಅವು 3.3 ವೋಲ್ಟನ್ನು ತಾಳುವುದಿಲ್ಲ. ಪೈಯ ಎಸ್‌ಪಿಐ ನಿಯಂತ್ರಕಕ್ಕೆ ಒಮ್ಮೆಗೆ ನಾಲ್ಕು ತಂತಿಯಲ್ಲಿ ಓದುವ ಸೌಲಭ್ಯವಿಲ್ಲವಾದ್ದರಿಂದ ಆ ಪರೀಕ್ಷೆಯನ್ನು ಮಾತ್ರ ನಿಜವಾದ ಬೋರ್ಡಿನ ಮೇಲೆ ಮಾಡಬೇಕಾಗುತ್ತದೆ. ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀಯಲ್ಲಿ ಚಿಪ್‌ನ ನಮೂದನ್ನು 'ಜೆಡೆಕ್, ಎಸ್‌ಪಿಐ-ನಾರ್' ಎಂಬ ಸಾಮಾನ್ಯ ಹೆಸರಿನಲ್ಲೇ ಬರೆಯಿರಿ. ಡೇಟಾಶೀಟ್ 133 ಮೆಗಾಹರ್ಟ್ಸ್ ಎಂದರೂ ಮೊದಲ ದಿನ 10 ಮೆಗಾಹರ್ಟ್ಸ್‌ನಲ್ಲಿ ಆರಂಭಿಸುವುದು ಜಾಣತನ. ಬ್ರೆಡ್‌ಬೋರ್ಡಿನ ಉದ್ದ ತಂತಿಗಳು ಅದಕ್ಕಿಂತ ಹೆಚ್ಚಿನ ವೇಗವನ್ನು ಸಹಿಸುವುದು ಕಷ್ಟ.

ಈಗ ಗುರುತು ಕೇಳುವ ಹಂತ. 9ಎಫ್ ಎಂಬ ಆದೇಶ ಕಳಿಸಿದರೆ ಚಿಪ್ ಮೂರು ಬೈಟ್‌ಗಳಲ್ಲಿ ಉತ್ತರಿಸುತ್ತದೆ. ವಿನ್‌ಬಾಂಡ್ ಕಂಪನಿಯ 'ಡಬ್ಲ್ಯು25ಕ್ಯು128' ಸರಣಿಯ ಚಿಪ್ ಒಂದನ್ನು ಉದಾಹರಣೆಗೆ ತೆಗೆದುಕೊಂಡರೆ ಉತ್ತರ 'ಇಎಫ್ 40 18'. ಇಎಫ್ ಎಂದರೆ ತಯಾರಕರು, 40 ಎಂದರೆ ಚಿಪ್‌ನ ಬಗೆ, 18 ಎಂದರೆ ಸಾಮರ್ಥ್ಯ. ಈ ಹದಿನಾರರ ಪದ್ಧತಿಯ 18 ನಮ್ಮ ಲೆಕ್ಕದಲ್ಲಿ 24. ಎರಡರ ಇಪ್ಪತ್ತನಾಲ್ಕನೇ ಘಾತ 1,67,77,216 ಬೈಟ್, ಅಂದರೆ 16 ಎಂಬಿ. ಹೆಸರಿನಲ್ಲಿರುವ 128 ಮೆಗಾಬಿಟ್‌ಗಳ ಲೆಕ್ಕ. ಎಂಟರಿಂದ ಭಾಗಿಸಿದರೆ ಅದೇ 16 ಬರುತ್ತದೆ. ಮೂರೂ ಬೈಟ್ 00 ಅಥವಾ ಮೂರೂ ಎಫ್‌ಎಫ್ ಬಂದರೆ ಕೋಡ್ ತೆರೆಯುವ ಮೊದಲು ತಂತಿ, ಬೆಸುಗೆ ಮತ್ತು ವಿದ್ಯುತ್ತನ್ನು ಪರೀಕ್ಷಿಸಿ.

ಇಲ್ಲಿ ನನ್ನದೇ ಒಂದು ಪ್ರಸಂಗ ಹೇಳಬೇಕು. ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಒಂದೇ ಪಟ್ಟಿಯಿಂದ ಕತ್ತರಿಸಿ ಕೊಟ್ಟ ಐದು ಚಿಪ್‌ಗಳ ಬೆನ್ನ ಮೇಲೂ 128 ಎಂದೇ ಮುದ್ರಿಸಿತ್ತು. ನಾಲ್ಕು ಚಿಪ್‌ಗಳು 18 ಎಂದವು, ಐದನೆಯದು 17 ಎಂದಿತು, ಅಂದರೆ 8 ಎಂಬಿ. ಮಸೂರ ಹಿಡಿದು ನೋಡಿದಾಗ ಆ ಒಂದರ ಮೇಲ್ಮೈಯನ್ನು ಉಜ್ಜಿ ಹೊಸದಾಗಿ ಅಚ್ಚು ಹಾಕಿದ ಗುರುತು ಕಂಡಿತು. ಅಂದಿನಿಂದ ಅಚ್ಚನ್ನು ಓದುವ ಮೊದಲು ಬೈಟ್‌ಗಳನ್ನು ಓದುವುದು ನನಗೆ ಅಭ್ಯಾಸವಾಗಿದೆ.

ಗುರುತಿನ ನಂತರ ಜಾತಕ ಕೇಳಬೇಕು. ಚಿಪ್‌ಗಳ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ 'ಜೆಇಎಸ್‌ಡಿ216' ಮಾನದಂಡದ ಪ್ರಕಾರ ಚಿಪ್ ತನ್ನ ಗುಣಲಕ್ಷಣಗಳ ಕೋಷ್ಟಕವೊಂದನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಇದನ್ನು ಎಸ್‌ಎಫ್‌ಡಿಪಿ ಎನ್ನುತ್ತಾರೆ. 5ಎ ಎಂಬ ಆದೇಶದಿಂದ ಓದಿದಾಗ ಮೊದಲ ನಾಲ್ಕು ಬೈಟ್‌ಗಳು 53, 46, 44, 50 ಎಂದು ಬಂದರೆ ಕೋಷ್ಟಕವಿದೆ ಎಂದರ್ಥ, ಏಕೆಂದರೆ ಆ ನಾಲ್ಕು ಬೈಟ್‌ಗಳು ಎಸ್, ಎಫ್, ಡಿ, ಪಿ ಅಕ್ಷರಗಳೇ. ಸಾಮರ್ಥ್ಯ, ಅಳಿಸುವ ಭಾಗಗಳ ಗಾತ್ರ ಮತ್ತು ಅವುಗಳ ಆದೇಶಗಳು, ವೇಗದ ಓದಿನ ವಿಧಾನಗಳು ಎಲ್ಲವೂ ಅದರಲ್ಲಿರುತ್ತವೆ. ಇತ್ತೀಚಿನ ಕರ್ನಲ್‌ಗಳು ಪರಿಚಯವಿಲ್ಲದ ಚಿಪ್ ಎದುರಾದರೂ ಈ ಕೋಷ್ಟಕ ಸರಿಯಿದ್ದರೆ ಅದನ್ನು ನಂಬಿಕೊಂಡೇ ಚಿಪ್ಪನ್ನು ನಡೆಸುತ್ತವೆ. ಆದ್ದರಿಂದ ಹಳೆಯ ಕರ್ನಲ್‌ನಲ್ಲಿ ನಿಮ್ಮ ಚಿಪ್ ನಡೆಯದಿದ್ದರೆ, ಮೊದಲು ಹೊಸ ಕರ್ನಲ್‌ನಲ್ಲಿ ಪ್ರಯತ್ನಿಸಿ. ಅಲ್ಲಿ ಎಲ್ಲವೂ ಸರಿಯಾಗಿದ್ದರೆ ನಿಮ್ಮ ಕೆಲಸ ಮುಗಿಯಿತು, ಕೀರ್ತಿಗಾಗಿ ಕರ್ನಲ್‌ನ ಚಿಪ್ ಪಟ್ಟಿಗೆ ಒಂದು ನಮೂದು ಸೇರಿಸಬೇಕಾಗಿಲ್ಲ.

ನಮೂದು ಬೇಕಾಗುವುದು ಚಿಪ್‌ನಲ್ಲಿ ಕೋಷ್ಟಕವೇ ಇಲ್ಲದಿದ್ದಾಗ, ಇರುವ ಕೋಷ್ಟಕ ತಪ್ಪು ಹೇಳುವಾಗ, ಅಥವಾ ಬರಹ ತಡೆಯುವ ಬೀಗದಂತಹ, ಕೋಷ್ಟಕದಲ್ಲಿ ಬಾರದ ಸೌಲಭ್ಯ ನಿಮಗೆ ಬೇಕಾದಾಗ. ಕರ್ನಲ್ ಮೂಲದಲ್ಲಿ ಡ್ರೈವರ್ಸ್ ಫೋಲ್ಡರಿನೊಳಗೆ ಎಂಟಿಡಿ (ಫ್ಲಾಶ್‌ನಂತಹ ಮೆಮೊರಿಗಳ ವಿಭಾಗ), ಅದರೊಳಗೆ ಎಸ್‌ಪಿಐ-ನಾರ್ ಎಂಬ ಫೋಲ್ಡರ್ ಇದೆ. ವಿನ್‌ಬಾಂಡ್, ಮ್ಯಾಕ್ರೋನಿಕ್ಸ್, ಗಿಗಾಡಿವೈಸ್ ಹೀಗೆ ಒಂದೊಂದು ಕಂಪನಿಗೆ ಒಂದೊಂದು ಸಿ ಭಾಷೆಯ ಕಡತ. ನಿಮ್ಮ ಕಂಪನಿಯ ಕಡತದ ಪಟ್ಟಿಯಲ್ಲಿ ಮೂರು ಗುರುತು ಬೈಟ್‌ಗಳನ್ನೂ, ಕೋಷ್ಟಕವಿಲ್ಲದ ಚಿಪ್ ಆಗಿದ್ದರೆ ಸಾಮರ್ಥ್ಯವನ್ನೂ 4 ಕೆಬಿ ಅಳಿಸುವಿಕೆ, ನಾಲ್ಕು ತಂತಿಯ ಓದು ಮುಂತಾದ ಸೌಲಭ್ಯಗಳನ್ನು ಸೂಚಿಸುವ ಧ್ವಜಗಳನ್ನೂ (ಫ್ಲ್ಯಾಗ್) ಬರೆಯಬೇಕು. ಡೇಟಾಶೀಟ್‌ನಲ್ಲಿ ಇದೆಯೆಂಬ ಒಂದೇ ಕಾರಣಕ್ಕೆ ಧ್ವಜ ಹಾಕಬೇಡಿ. ನಿಮ್ಮ ಬೋರ್ಡಿನ ಮೇಲೆ ಪರೀಕ್ಷಿಸಿದ್ದನ್ನು ಮಾತ್ರ ಹಾಕಿ.

ಗುರುತು ಬೈಟ್‌ಗಳು ಒಂದೇ ಆಗಿದ್ದರೆ ಚಿಪ್ ಕೂಡ ಒಂದೇ ಎಂದುಕೊಳ್ಳುವುದೂ ಅಪಾಯವೇ. ಮ್ಯಾಕ್ರೋನಿಕ್ಸ್‌ನ 'ಎಂಎಕ್ಸ್25ಎಲ್25635' ಚಿಪ್‌ನ ಇ ಮತ್ತು ಎಫ್ ಎಂಬ ಎರಡು ಆವೃತ್ತಿಗಳೂ 'ಸಿ2 20 19' ಎಂದೇ ಉತ್ತರಿಸುತ್ತವೆ. ಆದರೆ ನಾಲ್ಕು ಬೈಟ್ ವಿಳಾಸದ ಪ್ರತ್ಯೇಕ ಆದೇಶಗಳು (ಇವು ಏಕೆ ಬೇಕೆಂದು ಮುಂದೆ ಹೇಳುತ್ತೇನೆ) ಎಫ್‌ಗೆ ತಿಳಿದಿವೆ, ಇ ಆವೃತ್ತಿಗೆ ತಿಳಿದಿಲ್ಲ. ಕರ್ನಲ್ ಈ ಅವಳಿಗಳನ್ನು ಬೇರ್ಪಡಿಸಲು ಎಸ್‌ಎಫ್‌ಡಿಪಿ ಕೋಷ್ಟಕದ ಒಂದು ವ್ಯತ್ಯಾಸವನ್ನು ಹಿಡಿದು ಪುಟ್ಟ ತಿದ್ದುಪಡಿ ಕಾರ್ಯವೊಂದನ್ನು (ಫಂಕ್ಷನ್) ಬಳಸುತ್ತದೆ. ನಿಮ್ಮ ಚಿಪ್‌ಗೂ ಅಂಥದ್ದು ಬೇಕಾದರೆ ಆ ಕಾರ್ಯವನ್ನು ಮಾದರಿಯಾಗಿ ಓದಿ.

ನಾಲ್ಕು ತಂತಿಯ ಓದಿಗೆ ಚಿಪ್‌ನೊಳಗಿನ ಅನುಮತಿ ಬಿಟ್ ಒಂದನ್ನು ಏರಿಸಬೇಕಾಗುತ್ತದೆ. ವಿನ್‌ಬಾಂಡ್‌ನಲ್ಲಿ ಅದು ಎರಡನೇ ಸ್ಥಿತಿ ರಿಜಿಸ್ಟರಿನ ಬಿಟ್ 1, ಮ್ಯಾಕ್ರೋನಿಕ್ಸ್‌ನಲ್ಲಿ ಮೊದಲ ರಿಜಿಸ್ಟರಿನ ಬಿಟ್ 6. ಹೀಗಾಗಿ ಒಂದು ಕಂಪನಿಯ ನಮೂದನ್ನು ನಕಲು ಮಾಡಿ ಇನ್ನೊಂದಕ್ಕೆ ಅಂಟಿಸಿದರೆ, ಒಂದು ತಂತಿಯಲ್ಲಿ ಸರಿಯಾಗಿ ಬರುತ್ತಿದ್ದ ದತ್ತಾಂಶ ನಾಲ್ಕು ತಂತಿಯಲ್ಲಿ ಕಸವಾಗಿ ಬರುತ್ತದೆ.

16 ಎಂಬಿಗಿಂತ ದೊಡ್ಡ ಚಿಪ್‌ನಲ್ಲಿ ಬೀಳಬಹುದಾದ ಇನ್ನೊಂದು ಗುಂಡಿಯಿದೆ. ಮೂರು ಬೈಟ್ ವಿಳಾಸದಿಂದ ಮುಟ್ಟಲು ಸಾಧ್ಯವಿರುವುದು 16 ಎಂಬಿ ಮಾತ್ರ. ಅದರಾಚೆಗೆ ಹೋಗಲು ಚಿಪ್ಪನ್ನು ಬಿ7 ಆದೇಶದಿಂದ ನಾಲ್ಕು ಬೈಟ್ ವಿಳಾಸದ ಸ್ಥಿತಿಗೆ ತಂದು ಹಾಗೆಯೇ ಬಿಟ್ಟರೆ, ಬೋರ್ಡ್ ಮರುಚಾಲನೆಯಾದಾಗ ಪ್ರೊಸೆಸರಿನ ಬೂಟ್ ರೋಮ್ (ಅದರೊಳಗಿನ ಕಾಯಂ ಆರಂಭ ಕೋಡ್) ಮೂರು ಬೈಟ್ ವಿಳಾಸ ಕಳಿಸುತ್ತದೆ, ಚಿಪ್ ನಾಲ್ಕನೆಯದಕ್ಕೆ ಕಾಯುತ್ತದೆ, ಬೋರ್ಡ್ ಏಳುವುದಿಲ್ಲ. ವಿದ್ಯುತ್ ತೆಗೆದು ಕೊಟ್ಟರೆ ಸರಿಹೋಗುವುದರಿಂದ ಈ ದೋಷ ಪ್ರಯೋಗಾಲಯದಲ್ಲಿ ಕಣ್ಣಿಗೆ ಬೀಳದೆ ಗ್ರಾಹಕರ ಮನೆಯಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ಕು ಬೈಟ್ ವಿಳಾಸದ ಪ್ರತ್ಯೇಕ ಆದೇಶಗಳಿರುವ ಚಿಪ್ ಆರಿಸುವುದು, ಇಲ್ಲವೇ ಫ್ಲಾಶ್‌ನ ರಿಸೆಟ್ ಕಾಲನ್ನು ಬೋರ್ಡಿನ ರಿಸೆಟ್‌ಗೆ ಜೋಡಿಸುವುದು ಸರಿಯಾದ ಪರಿಹಾರ. ವಿದ್ಯುತ್ ತೆಗೆಯದೆ ಹತ್ತು ಬಾರಿಯಾದರೂ ಮರುಚಾಲನೆ ಮಾಡಿ ನೋಡಿ.

ಕೊನೆಯದು ಪರೀಕ್ಷೆ. ಚಿಪ್‌ನಲ್ಲಿ ಬೇಕಾದ ದತ್ತಾಂಶವಿದ್ದರೆ ಮೊದಲೇ ನಕಲು ತೆಗೆದಿಡಿ. ಎಂಟಿಡಿ-ಯುಟಿಲ್ಸ್ ಎಂಬ ಉಪಕರಣಗಳ ಕಟ್ಟಿನಲ್ಲಿರುವ 'ಎಂಟಿಡಿ ಡಿಬಗ್' ಆದೇಶದಿಂದ ಆರಂಭದ 2 ಎಂಬಿ ಅಳಿಸಿ, ಓದಿ, ಎಲ್ಲ ಬೈಟ್‌ಗಳೂ ಎಫ್‌ಎಫ್ ಎಂದು ಖಚಿತಪಡಿಸಿಕೊಳ್ಳಿ. ನಂತರ ಅಷ್ಟೇ ಗಾತ್ರದ ಯಾದೃಚ್ಛಿಕ ದತ್ತಾಂಶದ ಕಡತವೊಂದನ್ನು ಬರೆದು, ಮರಳಿ ಓದಿ, ಎರಡರ ಶಾ-ಮೊತ್ತಗಳು (ಕಡತದ ಬೆರಳಚ್ಚಿನಂತಹ ಸಂಖ್ಯೆಗಳು) ಹೊಂದುವುದನ್ನು ನೋಡಿ. ಪುನಃ ಅಳಿಸಿ ಎಫ್‌ಎಫ್ ಬರುತ್ತದೆಯೇ ಎಂದು ನೋಡುವುದನ್ನು ಬಿಡಬೇಡಿ. ಮೊದಲಿನಿಂದಲೂ ಖಾಲಿಯಿದ್ದ ಹೊಸ ಚಿಪ್‌ನಲ್ಲಿ ಅಳಿಸುವ ಆದೇಶ ತಪ್ಪಿದ್ದರೂ ಮೊದಲ ಸುತ್ತು ಪಾಸಾಗಿಬಿಡುತ್ತದೆ.

ಬದಲಾವಣೆಯನ್ನು ಮೂಲ ಕರ್ನಲ್‌ಗೆ ಕಳಿಸುವುದಾದರೆ 'ಚೆಕ್‌ಪ್ಯಾಚ್' ಸ್ಕ್ರಿಪ್ಟಿನಿಂದ ಶೈಲಿಯ ತಪ್ಪುಗಳನ್ನು ತಿದ್ದಿ, ನಿಮ್ಮ ಸಹಿ ಸಾಲು ಸೇರಿಸಿ, 'ಗೆಟ್-ಮೇಂಟೈನರ್' ಸ್ಕ್ರಿಪ್ಟ್ ತೋರಿಸುವ ನಿರ್ವಾಹಕರಿಗೆ ಸಾದಾ ಪಠ್ಯದ ಇಮೇಲ್‌ನಲ್ಲಿ ಕಳಿಸಿ. ಜೊತೆಗೆ ಗುರುತು ಬೈಟ್‌ಗಳು, ಎಸ್‌ಎಫ್‌ಡಿಪಿ ಕೋಷ್ಟಕದ ಪೂರ್ಣ ಪ್ರತಿ, ಅದರ ಮೊತ್ತ, ಮೇಲಿನ ಪರೀಕ್ಷೆಯ ಫಲಿತಾಂಶ ಮತ್ತು ನೀವು ಬಳಸಿದ ಬೋರ್ಡ್ ಹಾಗೂ ನಿಯಂತ್ರಕದ ಹೆಸರು ಇರಲಿ. ಇವಿಲ್ಲದೆ ಕಳಿಸಿದ ಬದಲಾವಣೆಗೆ (ಪ್ಯಾಚ್) ಬರುವ ಮೊದಲ ಉತ್ತರದಲ್ಲಿ ಇವುಗಳನ್ನೇ ಕೇಳಿರುತ್ತಾರೆ.