ಅರವಟಿಗೆ ಇಡುವ ಬಗೆ, ನಡೆಸುವ ಬಗೆ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಸ್ಸಿಳಿದು ದವಾಖಾನೆಗೆ, ಕೋರ್ಟಿಗೆ ನಡೆಯುವ ಹಳ್ಳಿಯವರಿಗೆ ತಣ್ಣೀರು ಸಣ್ಣ ಮಾತಲ್ಲ. ಒಂಟಿತನ, ಬೇಜಾರು ಹತ್ತಿದವರಿಗೂ, ದಾರಿಹೋಕರಿಗೆ ಪುಕ್ಕಟೆ ನೀರು ಕೊಡುವ ಅರವಟಿಗೆಗಿಂತ ಒಳ್ಳೆಯ ಸೇವೆ ನಮಗೆ ತಿಳಿದಿಲ್ಲ. ಆದರೆ ಆ ಸಮಾಧಾನ ರೊಕ್ಕ ಕೊಟ್ಟು ಮನೆಗೆ ಹೋದವರಿಗಲ್ಲ, ಗಡಿಗೆಯ ಹತ್ತಿರ ನಿಂತವರಿಗೆ ಸಿಗುತ್ತದೆ.

ಮೊದಲು ಜಾಗ. ಗಾಳಿಯಾಡುವ ಬೇವಿನ ಗಿಡದ ಬುಡ ಒಳ್ಳೆಯದು. ಬೆಳಗಿನ ನೆರಳು ನಂಬಬೇಡಿ. ಮಧ್ಯಾಹ್ನ ಮೂರಕ್ಕೆ ನೆರಳು ಎಲ್ಲಿ ಬೀಳುತ್ತದೆಂದು ಹಿಂದಿನ ದಿನವೇ ನೋಡಿ. ಅಂಗಡಿ ಮುಂದಾದರೆ ಮಾಲೀಕರನ್ನು ಕೇಳಿ, ರಸ್ತೆ ಬದಿಯಾದರೆ ಪಾಲಿಕೆಯ ಒಪ್ಪಿಗೆ ಪಡೆಯಿರಿ.

ಆಮೇಲೆ ನೀರಿನ ಲೆಕ್ಕ. ದಿನಕ್ಕೆ 300 ಮಂದಿ ಎರಡೆರಡು ಗ್ಲಾಸ್ (200 ಮಿ.ಲೀ.) ಕುಡಿದರೆ 120 ಲೀಟರ್. ತೊಳೆಯಲು, ಚೆಲ್ಲಲು ಇನ್ನೂ 30 ಹಿಡಿಯಿರಿ. 40 ಲೀಟರಿನ ಮೂರು ರಂಜಣಿಗೆ (ಮಣ್ಣಿನ ದೊಡ್ಡ ಗಡಿಗೆ) ಇಟ್ಟು ನಸುಕಿನಲ್ಲೇ ತುಂಬಿ, ಬರಿದಾದದ್ದನ್ನು ಒಂದೊಂದಾಗಿ ತುಂಬುತ್ತ ಹೋಗಿ. ಮೂರನ್ನೂ ನಡುಮಧ್ಯಾಹ್ನ ಒಟ್ಟಿಗೆ ತುಂಬಿದರೆ ಜನ ಬರುವ ಹೊತ್ತಿಗೆ ಬಿಸಿನೀರೇ ಸಿಗುತ್ತದೆ.

ಹೊಸ ರಂಜಣಿಗೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ. ಮೊದಲ ದಿನದ ನೀರನ್ನು ಗಿಡಕ್ಕೆ ಹಾಕಿ. ಒದ್ದೆ ಉಸುಕಿನ ಮೇಲೆ ಕೂಡಿಸಿ, ಸುತ್ತ ಒದ್ದೆ ಗೋಣಿತಟ್ಟು ಸುತ್ತಿ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆರುವಾಗ ಒಳಗಿನ ಕಾವನ್ನು ಒಯ್ಯುತ್ತದೆ. ಚಂದ ಕಾಣಲೆಂದು ಬಣ್ಣ ಬಳಿದರೆ ಆ ರಂಧ್ರ ಮುಚ್ಚಿಹೋಗುತ್ತದೆ. ಗಡಸು ಬೋರ್ ನೀರಿನ ಬಿಳಿ ಉಪ್ಪೂ ಹಾಗೇ ಮಾಡುತ್ತದೆ. ದಿನಾ ತೆಂಗಿನ ನಾರಿನಿಂದ ತಿಕ್ಕಿ. ಸೋಪಿನ ಪುಡಿ ಬೇಡ, ಮಣ್ಣು ಅದನ್ನು ಹೀರಿ ನೀರಿಗೆ ವಾಸನೆ ಬಿಡುತ್ತದೆ. ಕುಡಿಯುವ ನೀರನ್ನೇ ತನ್ನಿ. ಸಂಶಯವಿದ್ದರೆ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದಲ್ಲಿ ಬರೆದ ಅಳತೆಗೆ ಹಾಕಿ, ಅರ್ಧ ತಾಸು ಬಿಟ್ಟು ಕೊಡಿ. ಗಡಿಗೆಯೊಳಗೆ ಯಾರ ಕೈಯೂ ಹೋಗಕೂಡದು: ಉದ್ದ ಹಿಡಿಕೆಯ ಸೌಟು ಇಡಿ, ಇಲ್ಲವೇ ನಲ್ಲಿ ಇರುವ ರಂಜಣಿಗೆ ತನ್ನಿ.

ಗಡಿಗೆ ತಿಕ್ಕಿ ತುಂಬುವ ನಸುಕಿನ ಹೊತ್ತೇ ಆಧ್ಯಾತ್ಮಿಕ ಸಾಧನೆಯ ಹೊತ್ತು. ಇಷ್ಟಲಿಂಗ ಪೂಜೆಯವರು ಪೂಜೆ ಮುಗಿಸಿ, ನಮಾಜಿನವರು ಫಜರ್ ಮುಗಿಸಿ ಬರಲಿ. ಮೊಬೈಲ್ ದೂರ ಇಟ್ಟು, ಮಾತಿಲ್ಲದೆ, ಬೇಕಾದರೆ ಒಳಗೊಳಗೇ ಜಪ ಮಾಡುತ್ತ ಗಡಿಗೆ ತಿಕ್ಕಿರಿ. ಕಾಯಕ, ದಾಸೋಹ ಎಂದು ಶರಣರು ಹೇಳಿದ್ದು ಇಂಥ ಕೆಲಸದಲ್ಲೇ ಕೈಗೆ ಸಿಗುತ್ತದೆ. ಫೋಟೊ, ಬ್ಯಾನರ್ ಬಂದರೆ ಮನಸ್ಸು ಅತ್ತ ತಿರುಗುತ್ತದೆ. ಅವು ಬೇಡವೇ ಬೇಡ.

ಅರವಟಿಗೆ ಬತ್ತುವುದು ಹುರುಪು ಇಳಿದಾಗ. ಒಬ್ಬರ ಮೇಲೇ ಭಾರ ಹಾಕದೆ ವಾರಕ್ಕೆ 14 ಮಂದಿ ಹಿಡಿದು, ದಿನಕ್ಕೆ ಇಬ್ಬರಂತೆ ಪಾಳಿ ಹಚ್ಚಿ. ಬೇರೆ ಬೇರೆ ಓಣಿಯವರನ್ನು ಜೋಡಿ ಮಾಡಿ; ಗುರುತು ಬೆಳೆಯುವುದೇ ಹಾಗೆ. ನೀರು ಕೊಡುವಾಗ ಮುಖ ನೋಡಿ ಮಾತಾಡಿಸಿ: "ಕಾಕಾ, ಯಾವೂರಿಂದ ಬಂದ್ರಿ? ಕುಂದರ್ರಿ, ಸಾವಕಾಶ ಕುಡೀರಿ." ಕೆಲವರಿಗೆ ನೀರಿಗಿಂತ ಆ ಮಾತೇ ಹೆಚ್ಚು ಬೇಕಿರುತ್ತದೆ.

ಬಿಸಿಲಿಗೆ ಬಳಲಿದವರಿಗೆ ಓಆರ್‌ಎಸ್ (ನೀರಲ್ಲಿ ಕಲಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ) ಪೊಟ್ಟಣಗಳಿರಲಿ, ಲೀಟರಿನ ಪೊಟ್ಟಣವಾದರೆ ಸರಿಯಾಗಿ ಒಂದು ಲೀಟರಿಗೇ ಕಲಸಿ. ಯಾರಾದರೂ ತಲೆತಿರುಗಿ ಬಿದ್ದರೆ ನೆರಳಿಗೆ ತಂದು, ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಫೋನ್ ಮಾಡಿ.

ಮಳೆ ಹಿಡಿದ ಮೇಲೆ ರಂಜಣಿಗೆಗಳನ್ನು ತೊಳೆದು, ಪೂರ್ತಿ ಒಣಗಿಸಿ, ಬೋರಲು ಹಾಕಿಡಿ. ಮುಂದಿನ ವರ್ಷ ತಣ್ಣಗೆ ಮಾಡದಿದ್ದರೆ ಅದೇ ಬೇವಿನ ಬುಡದಲ್ಲಿ ದನಕರುಗಳಿಗೆ ನೀರಿಡಲು ಬರುತ್ತವೆ.