ಹಳೆಯ ಮೈಕ್ ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿ

ನಮ್ಮ ಬೀದಿಯ ಭಜನಾ ಮಂಡಳಿಯಲ್ಲಿ ಒಂದು ಹಳೆಯ ಶ್ಯೂರ್ ಎಸ್‌ಎಂ58 ಮೈಕ್ ಇದೆ. ಜಾಲರಿ ಒಂದು ಕಡೆ ನೆಗ್ಗಿದೆ. ಹಿಡಿಕೆಯ ಬಣ್ಣ ಸವೆದು ಒಳಗಿನ ಲೋಹ ಕಾಣುತ್ತದೆ. ಒಂದು ಶನಿವಾರ ಹಾಡಿನ ನಡುವೆ ದನಿ ನಿಂತೇ ಹೋಯಿತು. ಅಂಗಡಿಗೆ ಒಯ್ದರೆ, 'ಕಾರ್ಟ್ರಿಜ್ ಹೋಗಿದೆ, ಹೊಸ ಮೈಕೇ ತಗೊಳ್ಳಿ' ಅಂದರು. ಮನೆಗೆ ತಂದು ಬಿಚ್ಚಿದೆ. ಕಾರ್ಟ್ರಿಜ್, ಅಂದರೆ ದನಿಯನ್ನು ವಿದ್ಯುತ್ತಾಗಿ ಬದಲಿಸುವ ತಲೆಯ ಭಾಗ, ಚೆನ್ನಾಗಿಯೇ ಇತ್ತು. ಹಿಂಬದಿಯ ಪಿನ್ನಿಗೆ ಬೆಸೆದಿದ್ದ ತಂತಿ ಬಿಟ್ಟುಕೊಂಡಿತ್ತು, ಅಷ್ಟೇ. ಒಂದು ಚುಕ್ಕೆ ಬೆಸುಗೆಯಲ್ಲಿ ಮೈಕ್ ಮತ್ತೆ ಹಾಡತೊಡಗಿತು.

ಈ ಮೈಕ್ ಮೊದಲು ಬಂದದ್ದು 1966ರಲ್ಲಿ. ಶ್ಯೂರ್ ಕಂಪನಿಯ ಎಂಜಿನಿಯರ್ ಅರ್ನಿ ಸೀಲರ್ ಇದನ್ನು ರೂಪಿಸಿದರು. ಹೆಸರಿನಲ್ಲಿರುವ 'ಎಸ್‌ಎಂ' ಅಂದರೆ ಸ್ಟುಡಿಯೊ ಮೈಕ್ರೊಫೋನ್. ಸ್ಟುಡಿಯೊಗೆಂದು ಮಾಡಿದ್ದು ವೇದಿಕೆಯಲ್ಲಿ ಹೆಸರು ಮಾಡಿತು. ಆರ್ಕೆಸ್ಟ್ರಾ, ಗಣೇಶೋತ್ಸವ, ಜಾತ್ರೆಯ ನಾಟಕ, ಎಲ್ಲಿ ನೋಡಿದರೂ ಇದು ಅಥವಾ ಇದರ ನಕಲು. ಒಳಗೆ ಇರುವುದು ಬಹಳ ಕಡಿಮೆ: ಒಂದು ತೆಳು ಪ್ಲಾಸ್ಟಿಕ್ ಪೊರೆ, ಅದಕ್ಕೆ ಅಂಟಿದ ಸಣ್ಣ ತಂತಿಸುರುಳಿ, ಒಂದು ಅಯಸ್ಕಾಂತ, ಹಿಡಿಕೆಯಲ್ಲೊಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಸುಮ್ನೆ ಕೆಡುವಂಥ ಭಾಗಗಳೇ ಕಡಿಮೆ. ಸವೆಯುವುದು ಸ್ಪಂಜು, ರಬ್ಬರ್, ಬೆಸುಗೆ ಮತ್ತು ಪಿನ್ನು. ಹಾಗಾಗಿ ಹುಡುಕುವಾಗಲೂ ಹೊರಗಿನಿಂದ ಶುರು ಮಾಡಿ. ಕಾರ್ಟ್ರಿಜ್ ಸರದಿ ಕೊನೆಗೆ ಬರಲಿ.

ಮೊದಲು ಕೇಬಲ್, ಆಮೇಲೆ ಮೀಟರ್

ಬೇರೆ ಕೇಬಲ್ ಹಾಕಿ ನೋಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ವಿದ್ಯುತ್ ಅಳೆಯುವ ಮಲ್ಟಿಮೀಟರ್ ತಗೊಂಡು ಓಮ್‌ಗೆ, ಅಂದರೆ ತಂತಿಯ ತಡೆ ಅಳೆಯುವ ಗುರುತಿಗೆ, ಇಡಿ. ಮೈಕ್ ಬುಡದಲ್ಲಿ ಮೂರು ಪಿನ್ ಇವೆ, ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 1, 2, 3 ಎಂದು ಬರೆದಿರುತ್ತದೆ. 2 ಮತ್ತು 3ರ ನಡುವೆ ಕಡಿಮೆ ಓಮ್ ತೋರಿಸಬೇಕು. 1ರಿಂದ 2ಕ್ಕೆ, 1ರಿಂದ 3ಕ್ಕೆ ಸಂಪರ್ಕ ಇರಬಾರದು. 1ರಿಂದ ಹಿಡಿಕೆಯ ಲೋಹಕ್ಕೆ ಇರಬೇಕು.

2 ಮತ್ತು 3ರ ನಡುವೆ ಏನೂ ತೋರಿಸದಿದ್ದರೆ ತೊಂದರೆ ಪಿನ್ನಿನ ಬೆಸುಗೆಯಲ್ಲಿ ಅಥವಾ ಟ್ರಾನ್ಸ್‌ಫಾರ್ಮರಿನಲ್ಲಿ. ಅಲ್ಲಿ ಸರಿಯಿದ್ದೂ ದನಿ ಬರದಿದ್ದರೆ ಮೇಲಿನ ಭಾಗ ನೋಡಬೇಕು.

ಜಾಲರಿ ಮತ್ತು ಸ್ಪಂಜು

ಗುಂಡು ಜಾಲರಿಯನ್ನು ಕೈಯಲ್ಲೇ ಎಡಕ್ಕೆ ತಿರುಗಿಸಿ ಬಿಚ್ಚಬಹುದು. ಒಳಗಿನ ಗೋಡೆಗೆ ಸ್ಪಂಜಿನ ಪದರ ಇರುತ್ತದೆ. ಹಾಡುವವರ ಉಸಿರು, ಎಂಜಲು, ಗಾಳಿಯ ತೇವ ಎಲ್ಲ ಸೇರಿ ವರ್ಷಗಳಲ್ಲಿ ಅದು ಹಾಳಾಗುತ್ತದೆ. ಕರಾವಳಿಯ ಕಡೆ ಇನ್ನೂ ಬೇಗ. ಬೆರಳು ತಾಗಿಸಿ ನೋಡಿ. ಸ್ಪಂಜು ಮೆತ್ತಗೆ ಪುಟಿದರೆ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಜಾಲರಿ ಸಮೇತ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿದರೆ ಸಾಕು. ಬೆರಳಿಗೆ ಕಪ್ಪು ಅಂಟು ಬಂದರೆ ಅಥವಾ ಹಳೇ ಬ್ರೆಡ್ಡಿನ ಹಾಗೆ ಪುಡಿ ಉದುರಿದರೆ ತೆಗೆದುಹಾಕಿ. ಆ ಪುಡಿ ಕಾರ್ಟ್ರಿಜ್ ಮೇಲೆ ಕೂತು ದನಿಯನ್ನು ಮಂಕು ಮಾಡುತ್ತದೆ.

ಹೊಸ ಸ್ಪಂಜು ಆರಿಸುವಾಗ ಬಾಯಿ ಹತ್ತಿರ ಹಿಡಿದು ಊದಿ ನೋಡಿ. ಗಾಳಿ ಸಲೀಸಾಗಿ ಆಚೆ ಹೋಗಬೇಕು. ಟಿವಿ ಪೆಟ್ಟಿಗೆಯಲ್ಲಿ ಬರುವ ಪ್ಯಾಕಿಂಗ್ ಫೋಮ್ ಹಾಕಿದರೆ ಸ, ಶ ಅಕ್ಷರಗಳೇ ಕೇಳುವುದಿಲ್ಲ. ಜಾಲರಿ ಜಾಸ್ತಿ ನೆಗ್ಗಿದ್ದರೆ ಆರ್‌ಕೆ143ಜಿ ಎಂಬ ಹೆಸರಿನಲ್ಲಿ ಸ್ಪಂಜಿನ ಸಮೇತ ಹೊಸ ಜಾಲರಿಯೇ ಸಿಗುತ್ತದೆ.

ಪಿನ್ನುಗಳ ಬುಡ

ಹಿಡಿಕೆಯ ಬುಡದಲ್ಲಿ, ಪಿನ್ನುಗಳ ಪಕ್ಕಕ್ಕೆ, ಒಂದು ಚಿಕ್ಕ ಸ್ಕ್ರೂ ಇದೆ. ಎಲ್ಲರೂ ಎಡವುವುದು ಇಲ್ಲೇ. ಇದನ್ನು ಹೊರಗೆ ಎಳೆಯುವುದಲ್ಲ, ಬಲಕ್ಕೆ ತಿರುಗಿಸಿ ಒಳಕ್ಕೆ ಇಳಿಸಬೇಕು. ಒಳಕ್ಕೆ ಇಳಿದಾಗ ಪಿನ್ನುಗಳ ಗುಂಡು ಬಿಲ್ಲೆ ಸಡಿಲವಾಗುತ್ತದೆ. ಮೆಲ್ಲಗೆ ಎಳೆಯಿರಿ, ತಂತಿ ಗಿಡ್ಡವಾಗಿರುತ್ತದೆ. ಯಾವ ತಂತಿ ಯಾವ ಪಿನ್ನಿಗೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಬಿಟ್ಟುಕೊಂಡ ಬೆಸುಗೆ ನೋಡಿದರೇ ಗೊತ್ತಾಗುತ್ತದೆ. ಹೊಳಪಿಲ್ಲದೆ ಬೂದಿ ಬಣ್ಣಕ್ಕೆ ತಿರುಗಿ, ತಂತಿಯ ಸುತ್ತ ಉಂಗುರದಂತೆ ಬಿರುಕು ಬಿಟ್ಟಿರುತ್ತದೆ. ಅದನ್ನು ತೆಗೆದು, ಪಿನ್ ಕೆರೆದು, 25 ವ್ಯಾಟ್ ಬೆಸುಗೆ ಐರನ್ನಿನಲ್ಲಿ ಹೊಸದಾಗಿ ಬೆಸೆಯಿರಿ. ಪಿನ್ನುಗಳೇ ಸವೆದು ಅಲುಗಾಡುತ್ತಿದ್ದರೆ ಬಿಲ್ಲೆಯನ್ನೇ ಬದಲಿಸಿ. ಕೂರಿಸಿದ ಮೇಲೆ ಸ್ಕ್ರೂವನ್ನು ಈಗ ಎಡಕ್ಕೆ ತಿರುಗಿಸಿ ಬಿಗಿ ಮಾಡಬೇಕು.

ಟ್ರಾನ್ಸ್‌ಫಾರ್ಮರನ್ನು ಹಿಡಿಕೆಯೊಳಗೆ ಅಂಟು ಸುರಿದು ಕೂರಿಸಿರುತ್ತಾರೆ. ಅದನ್ನು ಕೀಳಲು ಹೋಗಬೇಡಿ.

ಕೊನೆಗೆ ಕಾರ್ಟ್ರಿಜ್

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಇದು ಸುಮ್ನೆ ಹೇಳುವ ಮಾತಲ್ಲ. ಕಾರ್ಟ್ರಿಜ್ಜಿನ ಅಯಸ್ಕಾಂತ ಕಬ್ಬಿಣದ ಪುಡಿ, ಸಣ್ಣ ಸ್ಕ್ರೂ ಏನಿದ್ದರೂ ಎಳೆದುಕೊಳ್ಳುತ್ತದೆ. ಒಳಗೆ ಸೇರಿದ ಒಂದು ಕಬ್ಬಿಣದ ಚೂರು ಪೊರೆಗೆ ತಾಗಿ ಪರಪರ ಸದ್ದು ಮಾಡುತ್ತದೆ, ತೆಗೆಯಲು ಪ್ರಾಣ ಹೋಗುತ್ತದೆ.

ತಲೆಯ ಭಾಗವನ್ನು ಹಿಡಿಕೆಯಿಂದ ತಿರುಗಿಸಿ ಬಿಚ್ಚಿ. ಹಳದಿ ಮತ್ತು ಹಸಿರು ಬಣ್ಣದ ಎರಡು ತೆಳು ತಂತಿಗಳು ಕಾಣುತ್ತವೆ. ಇಲ್ಲೂ ಫೋಟೊ ತೆಗೆಯಿರಿ. ಮೊದಲು ಅವುಗಳ ಬೆಸುಗೆ ನೋಡಿ, ಕಿತ್ತಿದ್ದರೆ ಅಷ್ಟೇ ಸರಿಮಾಡಿ. ಬೆಸುಗೆ ಗಟ್ಟಿಯಿದ್ದರೆ ಒಂದು ತಂತಿ ಬಿಡಿಸಿ, ಮೀಟರಿನ ಕಡ್ಡಿಗಳನ್ನು ಕಾರ್ಟ್ರಿಜ್ಜಿನ ಎರಡು ತುದಿಗೆ ಒಂದು ಕ್ಷಣ ಮುಟ್ಟಿಸಿ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ 'ಟಿಕ್' ಎನ್ನುತ್ತದೆ. ಆ ಟಿಕ್ ಕೇಳಿದರೆ ಸುರುಳಿ ತುಂಡಾಗಿಲ್ಲ ಎಂದರ್ಥ. ಮೀಟರ್ ಅಲುಗದೆ, ಟಿಕ್ ಕೂಡ ಬರದಿದ್ದರೆ ಕಾರ್ಟ್ರಿಜ್ ನಿಜವಾಗಿಯೂ ಹೋಗಿದೆ.

ಬದಲಿ ಭಾಗದ ಹೆಸರು ಆರ್59. ಕಾರ್ಟ್ರಿಜ್ ಕೂತಿರುವ ರಬ್ಬರ್ ಗಟ್ಟಿಯಾಗಿ, ಮೈಕನ್ನು ಕೈ ಬದಲಾಯಿಸಿದಾಗಲೆಲ್ಲ ದಬ್ ದಬ್ ಎನ್ನುತ್ತಿದ್ದರೂ ಇದೇ ಪರಿಹಾರ, ಹೊಸದರ ಜತೆ ರಬ್ಬರೂ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳು ಸಾಲಾಗಿವೆ. ಆದರೆ ಈ ಮೈಕಿನ ನಕಲುಗಳು ಲೋಕದಲ್ಲೆಲ್ಲ ತುಂಬಿವೆ. ಅರ್ಧ ಬೆಲೆಗೆ ಕೊಟ್ಟರು ಎಂದು ಖುಷಿಯಾಗಬೇಡಿ, ಕಂಪನಿಯ ಅಧಿಕೃತ ಮಾರಾಟಗಾರರಲ್ಲೇ ಕೇಳಿ.

ಹೊಸ ಕಾರ್ಟ್ರಿಜ್ಜಿನ ತುದಿಗೆ ಐರನ್ ಎರಡು ಸೆಕೆಂಡಿಗಿಂತ ಜಾಸ್ತಿ ಮುಟ್ಟಬಾರದು. ಆ ತುದಿಯಿಂದ ಸುರುಳಿಗೆ ಹೋಗುವ ತಂತಿ ತಲೆಗೂದಲಿಗಿಂತ ತೆಳು. ಮೊದಲೇ ತಂತಿಯ ತುದಿಗೆ ಸ್ವಲ್ಪ ಬೆಸುಗೆಯ ಸೀಸ ಹಿಡಿಸಿಟ್ಟುಕೊಂಡರೆ ಮುಟ್ಟಿಸಿದ ಕೂಡಲೇ ಕೂರುತ್ತದೆ. ಇನ್ನೊಂದು ವಿಷಯ: ತಲೆಯನ್ನು ಹಿಡಿಕೆಗೆ ತಿರುಗಿಸುವಾಗ ತಂತಿಗಳೂ ಸುತ್ತಿಕೊಳ್ಳುತ್ತವೆ, ಅಲ್ವಾ? ಅದಕ್ಕೇ ಮೊದಲು ತಲೆಯನ್ನು ಎಡಕ್ಕೆ ಐದಾರು ಸುತ್ತು ತಿರುಗಿಸಿ, ಆಮೇಲೆ ಹಿಡಿಕೆಗೆ ಕೂರಿಸಿ ಬಲಕ್ಕೆ ಬಿಗಿ ಮಾಡಿ. ತಂತಿ ಸುತ್ತು ಬಿಚ್ಚಿಕೊಂಡು ನೆಟ್ಟಗಾಗುತ್ತದೆ.

ಕಾರ್ಟ್ರಿಜ್ಜಿನ ಬದಿಯಲ್ಲಿರುವ ಸಣ್ಣ ಕಂಡಿಗಳನ್ನು ಟೇಪಿನಿಂದಾಗಲಿ ಅಂಟಿನಿಂದಾಗಲಿ ಮುಚ್ಚಬೇಡಿ. ಹಿಂದಿನಿಂದ ಬರುವ ಸದ್ದನ್ನು ಮೈಕ್ ತಳ್ಳಿಹಾಕುವುದು ಆ ಕಂಡಿಗಳಿಂದಲೇ. ಮುಚ್ಚಿದರೆ ಸ್ಪೀಕರ್ ಕೂಗಲು ಶುರುವಾಗುತ್ತದೆ. ಹಾಡುವವರು ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದಾಗ ಕೀ ಎಂದು ಕೂಗುವುದೂ ಇದೇ ಕಾರಣಕ್ಕೆ.

ಹಾಡಿ ನೋಡಿ

ಸರಿಯಾಗಿರುವ ಇನ್ನೊಂದು ಮೈಕನ್ನು ಇದರ ಪಕ್ಕಕ್ಕೆ ಹಿಡಿದು ಎರಡಕ್ಕೂ ಒಟ್ಟಿಗೆ ಮಾತಾಡಿ. ದನಿ ತುಂಬಿಕೊಂಡು ಬಂದರೆ ಸರಿಯಿದೆ. ತೆಳ್ಳಗಾಗಿ ಟೊಳ್ಳು ಕೇಳಿಸಿದರೆ ಹಳದಿ, ಹಸಿರು ತಂತಿಗಳು ಅದಲುಬದಲಾಗಿವೆ. ಬಿಚ್ಚಿ ಬದಲಿಸಿ. ಆಮೇಲೆ ಯಾರನ್ನಾದರೂ ಕರೆದು ಒಂದು ಪೂರ್ತಿ ಹಾಡು ಹೇಳಿಸಿ, ಹಾಡುವಾಗಲೇ ಕೇಬಲ್ಲನ್ನು ಬುಡದಲ್ಲಿ ಮೆಲ್ಲಗೆ ಅಲುಗಾಡಿಸಿ. ನಡುವೆ ಎಲ್ಲೂ ದನಿ ಮುರಿಯದಿದ್ದರೆ ಜಾಲರಿ ಬಿಗಿ ಮಾಡಿ, ಮೈಕನ್ನು ಮಂಡಳಿಗೆ ಮರಳಿಸಿ.