ಲೈಸೆನ್ಸ್ ಕೌಂಟರಿನಲ್ಲಿ ‘ಹೂಂ’ ಅನ್ನಬೇಡಿ

“ಕಾಕಾ, ಅಮೆರಿಕದ ವೋಟರ್ ಕಾರ್ಡ್ ಬಂದದ್ರಿ!” ಶಹಾಪುರದ ಹುಡುಗ ಫೋನಿನಲ್ಲಿ ಖುಷಿಯಿಂದ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಅವನಿಗೆ ಗ್ರೀನ್ ಕಾರ್ಡ್ ಸಿಕ್ಕು ಎರಡು ವರ್ಷವೂ ಆಗಿಲ್ಲ; ಅದು ಇಲ್ಲಿ ಕಾಯಂ ಇರಲು ಪರವಾನಗಿ ಅಷ್ಟೇ, ಪೌರತ್ವ ಅಲ್ಲ. “ಲೈಸೆನ್ಸ್ ಮಾಡ್ಸಲಾಕ ಹೋದಾಗ ಕೇಳಿದ್ರು, ಹೂಂ ಅಂದೆ” ಅಂದ. ಕಲಬುರಗಿಯಿಂದ ಬಂದ ಹೊಸದರಲ್ಲಿ ನಾನೂ ಹೀಗೇ ಹೂಂ ಅಂದಿದ್ದೆ.

1993ರ ಕಾನೂನಿನ ಪ್ರಕಾರ ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯವರೇ ಮತದಾರರ ನೋಂದಣಿಯನ್ನೂ ಮಾಡುತ್ತಾರೆ. ವಿಳಾಸ ಕೇಳಿದ ಧಾಟಿಯಲ್ಲೇ ಅದನ್ನೂ ಕೇಳುತ್ತಾರೆ. ಎಷ್ಟೋ ರಾಜ್ಯಗಳಲ್ಲಿ ಪುರಾವೆ ಬೇಕಿಲ್ಲ, ಸಹಿ ಸಾಕು. ಆದರೆ ಆ ಸಹಿಯ ಮೇಲಿನ ಸಾಲು ‘ನಾನು ಅಮೆರಿಕದ ಪ್ರಜೆ’ ಎಂಬ ಪ್ರಮಾಣ. ಪ್ರಜೆಯಲ್ಲದವರು ಹಾಗೆ ಹೇಳಿಕೊಂಡರೆ 1996ರ ಕಾನೂನಿನಡಿ ಗಡೀಪಾರು ಆಗಬಹುದು. ವೋಟೇ ಹಾಕಿಬಿಟ್ಟರೆ ಅದು ಬೇರೆಯೇ ಅಪರಾಧ.

ನಮ್ಮ ಕಡೆ ವೋಟರ್ ಕಾರ್ಡ್ ಅಂದರೆ ಸಿಮ್‌ಗೂ ಬ್ಯಾಂಕಿಗೂ ತೋರಿಸುವ ಗುರುತಿನ ಚೀಟಿ. ಇನ್ನೊಂದು ಚೀಟಿ ಸಿಗುತ್ತದೆ, ಇರಲಿ ಎಂದುಕೊಂಡೆ. ಕಾರ್ಡನ್ನು ಫೈಲಿನಲ್ಲಿಟ್ಟು ಮರೆತೆ, ಒಮ್ಮೆಯೂ ವೋಟು ಹಾಕಲಿಲ್ಲ. ಐದು ವರ್ಷದ ನಂತರ ಪೌರತ್ವದ ಅರ್ಜಿ ತುಂಬುವಾಗ ಪ್ರಶ್ನೆ ಎದುರಾಯಿತು: ಎಂದಾದರೂ ಮತದಾರರಾಗಿ ಹೆಸರು ನೋಂದಾಯಿಸಿದ್ದೀರಾ? ‘ಇಲ್ಲ’ ಎಂದು ಬರೆದರೆ ಎರಡನೇ ಸುಳ್ಳು. ‘ಹೌದು’ ಎಂದೇ ಬರೆದೆ. ಸಂದರ್ಶನದ ದಿನ ಅಧಿಕಾರಿ ಹಳೆಯ ಫಾರಂನ ಪ್ರತಿ ಮುಂದಿಟ್ಟರು. ಗಾಜಿನ ಪರದೆಯ ಮೇಲೆ ಬೆರಳಿನಿಂದ ಗೀಚಿದ ಸೊಟ್ಟ ಸಹಿ ನನ್ನದೇ. ಪಕ್ಕದ ಚೌಕದಲ್ಲಿ ಟಿಕ್. ಬಾಯಿ ಒಣಗಿಹೋಯಿತು. ವಕೀಲರಿಗೆ ಮೂರು ಸಾವಿರ ಡಾಲರ್ ಹೋಯಿತು, ಪೌರತ್ವ ಹದಿನಾಲ್ಕು ತಿಂಗಳು ತಡವಾಯಿತು. ಆ ಹದಿನಾಲ್ಕು ತಿಂಗಳು ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ.

ಈಗಾಗಲೇ ಕಾರ್ಡ್ ಬಂದಿದ್ದರೆ ವೋಟು ಹಾಕಬೇಡಿ. ಯಾರಿಗೂ ಏನನ್ನೂ ಬರೆದು ಕೊಡುವ ಮುಂಚೆ ವಲಸೆ ವಕೀಲರನ್ನು ಕಾಣಿ. ಅವರ ಸಲಹೆಯಂತೆ ಹೆಸರು ತೆಗೆಸಿ, ತೆಗೆದ ಪತ್ರವನ್ನು ಜೋಪಾನ ಮಾಡಿ.

ಇಲ್ಲಿ ಕಳ್ಳ ಮತದ ಗದ್ದಲ ನಿಂತೇ ಇಲ್ಲ. 2016ರ ಚುನಾವಣೆಯಲ್ಲಿ ಲಕ್ಷಗಟ್ಟಲೆ ಅಕ್ರಮ ಮತ ಬಿದ್ದಿವೆ ಎಂದ ಟ್ರಂಪ್ ಅದಕ್ಕೊಂದು ಆಯೋಗ ಮಾಡಿದರು. ಏನನ್ನೂ ಸಾಬೀತು ಮಾಡದೆ 2018ರ ಜನವರಿಯಲ್ಲಿ ಅದು ಮುಚ್ಚಿತು. ಕಾನ್ಸಾಸ್ ರಾಜ್ಯ ಪೌರತ್ವದ ದಾಖಲೆ ಕಡ್ಡಾಯ ಮಾಡಿದಾಗ 30 ಸಾವಿರಕ್ಕೂ ಹೆಚ್ಚು ಜನರ ನೋಂದಣಿಗೆ ತಡೆ ಬಿತ್ತು, 2018ರಲ್ಲಿ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಟೆಕ್ಸಾಸ್‌ನಲ್ಲಿ ಬಂದೂಕಿನ ಲೈಸೆನ್ಸ್ ತೋರಿಸಿ ವೋಟು ಹಾಕಬಹುದು, ಕಾಲೇಜಿನ ಐಡಿ ನಡೆಯದು. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಪ್ರಜೆಗಳಲ್ಲದವರನ್ನು ಹುಡುಕಲು 2025ರಿಂದ ಹಲವು ರಾಜ್ಯಗಳು ಮತದಾರರ ಪಟ್ಟಿಯನ್ನು ಕೇಂದ್ರದ ಪೌರತ್ವ ದಾಖಲೆಗಳ ಜೊತೆ ತಾಳೆ ನೋಡುತ್ತಿವೆ. ಆಗ ಮೊದಲು ಸಿಕ್ಕಿಬೀಳುವವರು ಕೌಂಟರಿನಲ್ಲಿ ಹೂಂ ಅಂದ ನಮ್ಮಂಥವರು.

ಈ ಒಂದು ವಿಷಯದಲ್ಲಿ ನಮ್ಮ ದೇಶದ ವ್ಯವಸ್ಥೆಯೇ ವಾಸಿ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಮತದಾರರ ಪಟ್ಟಿಯಿಂದ ಹೆಸರು ಅಳಿಸಲು 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಮೋಸ ಅಲ್ಲಿಯೂ ಉಂಟು, ಆದರೆ ಬಾಗಿಲಿಗೆ ಬಂದು ವಿಚಾರಿಸುವ ಬೂತ್ ಅಧಿಕಾರಿಯೂ ಉಂಟು. ಇಲ್ಲಿ ನಿಮ್ಮ ಮನೆಗೆ ಯಾರೂ ಬರುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವ ತನಕ ನಿಮ್ಮ ವೋಟು ಊರಿನದೇ. ಫಾರಂ 6ಎ ತುಂಬಿದರೆ ಅನಿವಾಸಿ ಮತದಾರರ ಪಟ್ಟಿಗೆ ಹೆಸರು ಸೇರುತ್ತದೆ. ಮತದಾನದ ದಿನ ಪಾಸ್‌ಪೋರ್ಟ್ ಹಿಡಿದು ಬೂತಿಗೇ ಹೋಗಬೇಕು. ಶಹಾಪುರದ ಹುಡುಗನಿಗೆ ನಿನ್ನೆ ರಾತ್ರಿ ಆ ಫಾರಂ ಕಳಿಸಿದ್ದೇನೆ, ವಕೀಲರ ನಂಬರಿನ ಜೊತೆಗೆ.